ಸಬ್ ವೂಫರ್ ನುಡಿಯುತ್ತಿಲ್ಲವೇ, ಗುಂಯ್‌ಗುಡುತ್ತಿದೆಯೇ? ಎಲ್ಲಿಂದ ಹುಡುಕಬೇಕು ನೋಡಿ

ಹೋಮ್ ಥಿಯೇಟರ್‌ನಲ್ಲಿ ಬಾಸ್ ಬರುತ್ತಿಲ್ಲ ಅಂದ ತಕ್ಷಣ ಎಲ್ಲರ ಕೈಯೂ ಮೊದಲು ಹೋಗುವುದು ಸಬ್ ವೂಫರ್‌ನ ಸದ್ದು ಏರಿಸುವ ಗೇನ್ ತಿರುಗಣೆಗೆ. ಅದನ್ನು ಮುಟ್ಟಬೇಡಿ. ಮುಟ್ಟಲೇಬೇಕಾದರೆ ಕೆಳಗಿಳಿಸಿ. ಕೇಬಲ್ ಎಲ್ಲೋ ಸಡಿಲವಾಗಿರುತ್ತದೆ, ನೀವು ಗೇನ್ ಪೂರ್ತಿ ಏರಿಸಿಟ್ಟು ಹಿಂದೆ ಕೈ ಹಾಕಿ ಆ ಕೇಬಲ್ ಅಲ್ಲಾಡಿಸುತ್ತೀರಿ, ಅದು ಥಟ್ಟನೆ ಕೂತುಕೊಳ್ಳುತ್ತದೆ, ಕೋನ್ ಧಡ್ ಅಂತ ಎಗರುತ್ತದೆ. ಇಷ್ಟಕ್ಕೇ ಕಾಯಿಲ್ (ಕೋನನ್ನು ಅಲುಗಿಸುವ ತಂತಿಯ ಸುರುಳಿ) ಹೋದ ಉದಾಹರಣೆಗಳಿವೆ.

ತೊಂದರೆ ಇರುವುದು ಮೂರರಲ್ಲಿ ಒಂದು ಕಡೆ: ಸಬ್‌ನಲ್ಲಿ, ಮಧ್ಯದ ಕೇಬಲ್‌ನಲ್ಲಿ, ಇಲ್ಲವೇ ಎಲ್ಲಾ ಸ್ಪೀಕರ್‌ಗಳಿಗೆ ಸದ್ದು ಹಂಚುವ ರಿಸೀವರ್‌ನಲ್ಲಿ. ಯಾವುದು ಅಂತ ಗೊತ್ತಾಗುವ ತನಕ ಏನನ್ನೂ ಬಿಚ್ಚಬೇಡಿ, ಏನನ್ನೂ ಕೊಳ್ಳಬೇಡಿ. ಹೆಚ್ಚಿನ ಸಲ ಕೊನೆಗೆ ಸಿಗುವುದು ಒಂದು ತಪ್ಪು ಸೆಟ್ಟಿಂಗ್ ಅಥವಾ ತಪ್ಪು ತೂತಿನಲ್ಲಿ ಕೂತ ಪಿನ್, ಅಷ್ಟೇ.

ಮೊದಲು ಸಬ್‌ನ ಬೆನ್ನು ನೋಡಿ

ಸಬ್ ವೂಫರ್‌ನಲ್ಲಿ ಎರಡು ಜಾತಿ. ಗೋಡೆಯ ಸಾಕೆಟ್‌ಗೆ ಹೋಗುವ ಸ್ವಂತ ಪವರ್ ವೈರ್ ಇದ್ದರೆ ಅದು ಆಕ್ಟಿವ್. ಅದರೊಳಗೇ ಆಂಪ್ಲಿಫೈಯರ್ ಇರುತ್ತದೆ. ಪವರ್ ವೈರ್ ಇಲ್ಲದೆ ಬರೀ ಕೆಂಪು ಕಪ್ಪು ಟರ್ಮಿನಲ್ ಇದ್ದರೆ ಅದು ಪ್ಯಾಸಿವ್. ಅದಕ್ಕೆ ಹೊರಗಿನಿಂದ ಬೇರೆ ಆಂಪ್ಲಿಫೈಯರ್ ಬೇಕು. ಟರ್ಮಿನಲ್ ಇದೆ ಅಂದ ಮಾತ್ರಕ್ಕೆ ಪ್ಯಾಸಿವ್ ಅಂದುಕೊಳ್ಳಬೇಡಿ, ಕೆಲವು ಆಕ್ಟಿವ್ ಸಬ್‌ಗಳಲ್ಲೂ ಸ್ಪೀಕರ್ ವೈರ್ ಹಾಕುವ ಹೈ ಲೆವೆಲ್ ಇನ್‌ಪುಟ್ ಇರುತ್ತದೆ. ಪವರ್ ವೈರ್ ಇದೆಯಾ ಇಲ್ವಾ, ಅದನ್ನು ನೋಡಿ.

ಅರ್ಧ ಗೊಂದಲ ಇಲ್ಲೇ ಹುಟ್ಟುವುದು. ರಿಸೀವರ್‌ನ ಸಬ್ ಪ್ರೀ ಔಟ್ ಅನ್ನುವ ಜಾಕ್‌ನಿಂದ ಬರುವುದು ಲೈನ್ ಸಿಗ್ನಲ್, ಹೆಚ್ಚೆಂದರೆ ಕೆಲವು ವೋಲ್ಟ್, ಅದರ ಹಿಂದೆ ಸ್ಪೀಕರ್ ನುಡಿಸುವ ಶಕ್ತಿ ಇರುವುದಿಲ್ಲ. ಆ ಜಾಕ್‌ಗೆ ಹಾಕುವ ಆರ್‌ಸಿಎ ಕೇಬಲ್‌ನ ತುದಿ ಕತ್ತರಿಸಿ ಪ್ಯಾಸಿವ್ ಸಬ್‌ನ ಟರ್ಮಿನಲ್‌ಗೆ ಸುತ್ತಿದರೆ ಸದ್ದು ಬರುವುದಿಲ್ಲ. ನಿಮ್ಮ ಸಬ್ ಕೆಟ್ಟಿಲ್ಲ, ನಡುವೆ ಒಂದು ಆಂಪ್ಲಿಫೈಯರ್ ಕಡಿಮೆ ಇದೆ. ಇದರ ಉಲ್ಟಾ ಇನ್ನೂ ಅಪಾಯ. ಸ್ಪೀಕರ್ ಔಟ್‌ಪುಟ್ಟನ್ನು ಆಕ್ಟಿವ್ ಸಬ್‌ನ ಆರ್‌ಸಿಎ ಇನ್‌ಪುಟ್‌ಗೆ ಕೊಟ್ಟರೆ ಇನ್‌ಪುಟ್ ಸುಟ್ಟೇ ಹೋಗಬಹುದು.

ಎಲ್ಲವೂ ಒಂದೇ ಡಬ್ಬದಲ್ಲಿ ಬರುವ ಹಳೆಯ ಹೋಮ್ ಥಿಯೇಟರ್ ಸೆಟ್‌ಗಳಿಂದ ಬಿಡಿಸಿ ತಂದ ಸಬ್ ಆದರೆ ಲೇಬಲ್ ಓದಿ. ಅಂಥವು ಹೆಚ್ಚಾಗಿ ಪ್ಯಾಸಿವ್, ಅದರಲ್ಲೂ 3 ಓಮ್‌ನಂಥ ಅಪರೂಪದ ಇಂಪೀಡೆನ್ಸ್‌ನವು (ಕರೆಂಟ್‌ಗೆ ಒಡ್ಡುವ ತಡೆ, ಅಳತೆ ಓಮ್‌ನಲ್ಲಿ) ಇರುತ್ತವೆ. ಮಾಮೂಲಿ ಆಂಪ್ಲಿಫೈಯರ್‌ಗೆ ಅದು ಭಾರವಾಗಬಹುದು.

ಲೈಟೇ ಹತ್ತುತ್ತಿಲ್ಲ

ಸಾಕೆಟ್‌ನಲ್ಲಿ ಕರೆಂಟ್ ಇದೆಯಾ ಅಂತ ಬೇರೆ ಏನಾದರೂ ಹಾಕಿ ನೋಡಿ. ಪವರ್ ವೈರ್ ಕಳಚಿ ಬರುವಂಥದ್ದಾದರೆ ಸಬ್‌ನ ಕಡೆ ಪೂರ್ತಿ ಒಳಗೆ ಕೂತಿದೆಯಾ ನೋಡಿ, ಬಾಸ್‌ನ ಅದುರಾಟಕ್ಕೆ ಅದು ನಿಧಾನಕ್ಕೆ ಹೊರಗೆ ಜರುಗುತ್ತದೆ. ಬೇರೆ ದೇಶದಿಂದ ತಂದ ಸಬ್ ಆದರೆ ಹಿಂದೆ 115/230 ಅಂತ ಸಣ್ಣ ಸ್ವಿಚ್ ಇದ್ದರೂ ಇರಬಹುದು. 230 ವೋಲ್ಟ್ ಇರುವ ಕಡೆ ಅದು 115ರಲ್ಲಿ ನಿಂತಿದ್ದರೆ ಫ್ಯೂಸ್ ಹೋಗುವುದು ಖಂಡಿತ, ಕೆಲವೊಮ್ಮೆ ಅದರ ಜೊತೆ ಬೇರೆಯದೂ ಹೋಗುತ್ತದೆ.

ಹೊರಗಿನಿಂದಲೇ ತೆಗೆಯಬಹುದಾದ ಫ್ಯೂಸ್ ಇದ್ದರೆ ಪ್ಲಗ್ ಕಿತ್ತ ಮೇಲೆ ತೆಗೆದು ನೋಡಿ. ಹೊಸದು ಹಾಕುವಾಗ ಅದೇ ಆಂಪಿಯರ್, ಅದೇ ವೋಲ್ಟೇಜ್, ಅದೇ ಬಗೆ ಇರಬೇಕು. ಮೇಲೆ ಟಿ ಅಕ್ಷರ ಇದ್ದರೆ ಅದು ನಿಧಾನಕ್ಕೆ ಕರಗುವ ಫ್ಯೂಸ್, ಆ ಜಾಗಕ್ಕೆ ಬೇರೆ ಬಗೆಯದು ಹಾಕಬೇಡಿ. ಹೊಸ ಫ್ಯೂಸ್ ಕೂಡ ಆನ್ ಮಾಡಿದ ಕೂಡಲೇ ಹೋಯಿತಾ? ಅಲ್ಲಿಗೆ ನಿಲ್ಲಿಸಿ. ಒಳಗೆ ಏನೋ ಶಾರ್ಟ್ ಆಗಿದೆ. ದೊಡ್ಡ ಫ್ಯೂಸ್ ಹಾಕುವುದು, ಬೆಳ್ಳಿ ಕಾಗದ ಸುತ್ತುವುದು ಇವೆಲ್ಲ ಬೆಂಕಿಗೆ ದಾರಿ.

ಲೈಟ್ ಇದೆ, ಸದ್ದು ಮಾತ್ರ ಇಲ್ಲ

ಅತಿ ಹೆಚ್ಚು ಜನ ಕೇಳುವುದು ಇದನ್ನೇ. ಇಲ್ಲಿ ಸ್ವಲ್ಪ ತಾಳ್ಮೆ ಇಟ್ಟುಕೊಂಡರೆ ಬಹಳ ಹಣ ಉಳಿಯುತ್ತದೆ.

ಮೊದಲು ಸಬ್ ಒಂದನ್ನೇ ಪರೀಕ್ಷೆ ಮಾಡಿ. ಗೇನ್ ತೀರಾ ಕೆಳಗಿಳಿಸಿ, ಸಬ್ ಆಫ್ ಮಾಡಿ, ರಿಸೀವರ್‌ನಿಂದ ಬಂದ ಕೇಬಲ್ ತೆಗೆಯಿರಿ. ಹೆಡ್‌ಫೋನ್ ಜಾಕ್ ಇರುವ ಫೋನ್ ಅಥವಾ ಯಾವುದಾದರೂ ಪ್ಲೇಯರ್‌ನಿಂದ ಆರ್‌ಸಿಎ ಕೇಬಲ್ ಮೂಲಕ ನೇರ ಸಬ್‌ಗೆ ಕೊಡಿ. ಆಮೇಲೆ ಆನ್ ಮಾಡಿ, ಬಾಸ್ ಜಾಸ್ತಿ ಇರುವ ಹಾಡು ಹಾಕಿ ಗೇನ್ ನಿಧಾನಕ್ಕೆ ಏರಿಸಿ. ಸಬ್ ನುಡಿಯಿತು ಅಂದರೆ ಸಬ್ ಚೆನ್ನಾಗಿದೆ, ಅದನ್ನು ಪಟ್ಟಿಯಿಂದ ತೆಗೆದುಹಾಕಿ. ನುಡಿಯಲಿಲ್ಲ ಅಂದರೆ ಇನ್ನೊಂದು ಕೇಬಲ್‌ನಿಂದ ಇದನ್ನೇ ಮಾಡಿ, ಆಗಲೂ ಸದ್ದಿಲ್ಲದಿದ್ದರೆ ತೊಂದರೆ ಸಬ್‌ನ ಒಳಗೇ ಇದೆ.

ಸಬ್ ಸರಿ ಇದೆ ಅಂತಾದರೆ ರಿಸೀವರ್‌ನ ಹಿಂಭಾಗಕ್ಕೆ ಬನ್ನಿ. ಟಾರ್ಚ್ ಹಿಡಿದು ಅಕ್ಷರ ಓದಿ. ಕೆಲವು ರಿಸೀವರ್‌ಗಳಲ್ಲಿ ಸಬ್ ವೂಫರ್ ಅಂತ ಎರಡು ಕಡೆ ಬರೆದಿರುತ್ತದೆ, ಒಂದು ಮಲ್ಟಿಚಾನೆಲ್ ಇನ್‌ಪುಟ್‌ನಲ್ಲಿ, ಇನ್ನೊಂದು ಪ್ರೀ ಔಟ್‌ನಲ್ಲಿ. ಕತ್ತಲಲ್ಲಿ ಕೈ ತಡಕಿ ಹಾಕಿದವರು ಇನ್‌ಪುಟ್‌ಗೇ ಹಾಕಿರುವುದು ತೀರಾ ಮಾಮೂಲಿ. ಸಬ್‌ನ ಕಡೆ ಎಲ್‌ಎಫ್‌ಇ (ಬಾಸ್‌ಗೆಂದೇ ಇರುವ ಚಾನೆಲ್) ಅಂತ ಇದ್ದರೆ ಅದಕ್ಕೇ ಹಾಕಿ. ಅದಿಲ್ಲದೆ ಎಡ ಬಲ ಎರಡು ಇನ್‌ಪುಟ್ ಇದ್ದರೆ ಎಡಕ್ಕೆ ಹಾಕಿದರೆ ಸಾಕು.

ಆಮೇಲೆ ಮೆನು. ಸ್ಪೀಕರ್ ಸೆಟಪ್‌ಗೆ ಹೋಗಿ ಸಬ್ ವೂಫರ್ ಯೆಸ್ ಅಂತ ಇದೆಯಾ ನೋಡಿ. ಆಟೋ ಕ್ಯಾಲಿಬ್ರೇಶನ್ (ರಿಸೀವರ್ ಮೈಕ್‌ನಿಂದ ಸ್ಪೀಕರ್‌ಗಳನ್ನು ತಾನೇ ಅಳೆದು ಹೊಂದಿಸುವುದು) ಮಾಡುವಾಗ ಸಬ್ ನಿದ್ದೆಯಲ್ಲಿದ್ದರೆ ರಿಸೀವರ್ ಅದನ್ನು ಇಲ್ಲವೇ ಇಲ್ಲ ಅಂತ ಬರೆದುಕೊಂಡುಬಿಡುತ್ತದೆ, ಆಮೇಲೆ ಅಲ್ಲಿಗೆ ಸಿಗ್ನಲ್ ಕಳಿಸುವುದೇ ಇಲ್ಲ. ಅದೇ ಮೆನುವಿನಲ್ಲಿ ಟೆಸ್ಟ್ ಟೋನ್ ಇರುತ್ತದೆ. ಅದನ್ನು ಹಾಕಿದಾಗ ಸಬ್ ಗುಡುಗಿದರೆ ವೈರಿಂಗ್ ಎಲ್ಲಾ ಸರಿ ಇದೆ, ಬಾಸ್ ಕಳೆದುಹೋಗುತ್ತಿರುವುದು ಬೇರೆ ಸೆಟ್ಟಿಂಗ್‌ನಲ್ಲಿ. ಟೆಸ್ಟ್ ಟೋನ್‌ಗೂ ಸದ್ದಿಲ್ಲ, ಸಬ್ ಫೋನ್‌ಗೆ ನುಡಿಯುತ್ತದೆ ಅಂತಾದರೆ ಉಳಿದಿದ್ದು ಕೇಬಲ್ ಮತ್ತು ರಿಸೀವರ್‌ನ ಆ ಜಾಕ್. ಕೇಬಲ್ ಬದಲಿಸಿ ನೋಡಿ. ಹೊಸ ಕೇಬಲ್‌ಗೂ ಸದ್ದಿಲ್ಲ ಅಂದರೆ ಜಾಕ್ ಅನುಮಾನ.

ಪ್ಯಾಸಿವ್ ಸಬ್‌ಗೆ ಬೇರೆ ದಾರಿ. ಆಂಪ್ಲಿಫೈಯರ್ ಆಫ್ ಮಾಡಿ, ಎರಡೂ ವೈರ್ ಕಳಚಿ, ಮಲ್ಟಿಮೀಟರ್ ಓಮ್‌ನಲ್ಲಿಟ್ಟು ಟರ್ಮಿನಲ್‌ಗೆ ಹಿಡಿಯಿರಿ. 4 ಓಮ್ ಸಬ್ ಸುಮಾರು 3ರಿಂದ 4, 8 ಓಮ್ ಸಬ್ ಸುಮಾರು 5.5ರಿಂದ 7 ತೋರಿಸುತ್ತದೆ. ಬರೆದದ್ದಕ್ಕಿಂತ ಕಡಿಮೆ ಬರುವುದು ಸಹಜ, ಮೀಟರ್ ಅಳೆಯುವುದು ತಂತಿಯ ಡಿಸಿ ರೆಸಿಸ್ಟೆನ್ಸ್ ಮಾತ್ರ. ಮೀಟರ್ ಏನೂ ತೋರಿಸದೆ ಓಪನ್ ಅಂದರೆ ಕಾಯಿಲ್ ಅಥವಾ ಒಳಗಿನ ವೈರ್ ತುಂಡಾಗಿದೆ. ಸೊನ್ನೆಯ ಹತ್ತಿರ ಬಂದರೆ ಶಾರ್ಟ್, ಅದನ್ನು ಮತ್ತೆ ಆಂಪ್ಲಿಫೈಯರ್‌ಗೆ ಹಾಕಬೇಡಿ. ಮೀಟರ್ ಇಲ್ಲವಾ? 1.5 ವೋಲ್ಟ್ ಸೆಲ್ ಒಂದನ್ನು ಒಂದು ಕ್ಷಣ ಮಾತ್ರ ತಾಗಿಸಿ. ಟಪ್ ಅಂತ ಕೋನ್ ಅಲುಗಿದರೆ ಕಾಯಿಲ್‌ಗೆ ಜೀವ ಇದೆ. ಪ್ಲಸ್‌ಗೆ ಪ್ಲಸ್ ಇಟ್ಟಾಗ ಕೋನ್ ಸಾಮಾನ್ಯವಾಗಿ ಹೊರಗೆ ಬರಬೇಕು. ಇದು ಪ್ಯಾಸಿವ್ ಸಬ್‌ಗೆ ಮಾತ್ರ, ಆಕ್ಟಿವ್ ಸಬ್‌ನ ಯಾವ ತೂತಿಗೂ ಸೆಲ್ ತೋರಿಸಬೇಡಿ.

ಸಿನಿಮಾದಲ್ಲಿ ಗುಡುಗುತ್ತದೆ, ಹಾಡಿನಲ್ಲಿ ಮೌನ

ಇದು ದೋಷವೇ ಅಲ್ಲ, ಸೆಟ್ಟಿಂಗ್. 5.1ರಲ್ಲಿರುವ ಆ .1 ಅಂದರೆ ಎಲ್‌ಎಫ್‌ಇ ಚಾನೆಲ್, 120 ಹರ್ಟ್ಜ್‌ವರೆಗಿನ ಸದ್ದಿಗೆಂದೇ ಇಟ್ಟದ್ದು. ಸ್ಟೀರಿಯೋ ಹಾಡಿನಲ್ಲಿ ಅದು ಇರುವುದೇ ಇಲ್ಲ. ಹಾಗಾಗಿ ಹಾಡಿನ ಬಾಸ್ ಸಬ್‌ಗೆ ಬರಬೇಕಾದರೆ ರಿಸೀವರೇ ಮುಂದಿನ ಸ್ಪೀಕರ್‌ಗಳಿಂದ ಅದನ್ನು ತೆಗೆದು ಕೊಡಬೇಕು. ಮುಂದಿನ ಸ್ಪೀಕರ್ ಲಾರ್ಜ್ ಅಂತ ಇಟ್ಟಿದ್ದರೆ ಅದು ಕೊಡುವುದಿಲ್ಲ. ಸ್ಮಾಲ್ ಮಾಡಿ, ಕ್ರಾಸ್‌ಓವರ್ (ಯಾವ ಸ್ವರದಿಂದ ಕೆಳಗೆ ಸಬ್‌ಗೆ ಹೋಗಬೇಕು ಅನ್ನುವ ಗಡಿ) 80 ಹರ್ಟ್ಜ್ ಇಡಿ. ಸ್ಪೀಕರ್ ದೊಡ್ಡದಿದೆ, ಸ್ಮಾಲ್ ಅಂತ ಹಾಕಲು ಮನಸ್ಸು ಬರಲ್ಲ ಅನ್ನುವವರಿದ್ದಾರೆ. ಆ ಪದಕ್ಕೂ ಡಬ್ಬದ ಗಾತ್ರಕ್ಕೂ ಸಂಬಂಧವಿಲ್ಲ, ಬಾಸನ್ನು ಸಬ್‌ಗೆ ಬಿಟ್ಟುಕೊಡು ಅಂತ ಹೇಳುವ ಬಟನ್ ಅದು.

ಡೈರೆಕ್ಟ್, ಪ್ಯೂರ್ ಡೈರೆಕ್ಟ್ ಅನ್ನುವ ಮೋಡ್‌ಗಳೂ ಹಲವು ರಿಸೀವರ್‌ಗಳಲ್ಲಿ ಸಬ್‌ಗೆ ಹೋಗುವ ದಾರಿಯನ್ನು ಮುಚ್ಚುತ್ತವೆ. ಸ್ಟೀರಿಯೋ ಮೋಡ್‌ಗೆ ಹೋಗಿ ನೋಡಿ.

ಉಲ್ಟಾ ಕೂಡ ಉಂಟು, ಹಾಡು ಚೆನ್ನಾಗಿದೆ, ಸಿನಿಮಾದ ಸ್ಫೋಟ ಪಿಚ್ಚೆನ್ನುತ್ತದೆ. ಆಗ ಟಿವಿಯ ಆಡಿಯೋ ಔಟ್‌ಪುಟ್ ನೋಡಿ. ಪಿಸಿಎಂ ಅಂತ ಇದ್ದರೆ ಎಷ್ಟೋ ಟಿವಿಗಳು 5.1 ಅನ್ನು ಎರಡು ಚಾನೆಲ್‌ಗೆ ಇಳಿಸುತ್ತವೆ, ಇಳಿಸುವಾಗ ಎಲ್‌ಎಫ್‌ಇಯನ್ನು ಸಾಮಾನ್ಯವಾಗಿ ಬಿಟ್ಟೇಬಿಡುತ್ತವೆ. ಬಿಟ್‌ಸ್ಟ್ರೀಮ್ ಅಥವಾ ಪಾಸ್‌ಥ್ರೂ ಮಾಡಿ, ಆಗ ಟಿವಿ ಸದ್ದನ್ನು ಇದ್ದ ಹಾಗೇ ರಿಸೀವರ್‌ಗೆ ದಾಟಿಸುತ್ತದೆ. ಜೋರು ಸದ್ದನ್ನು ತಗ್ಗಿಸುವ ನೈಟ್ ಮೋಡ್ ಆನ್ ಇದ್ದರೆ ಅದನ್ನೂ ತೆಗೆಯಿರಿ.

ನಡುನಡುವೆ ತಾನೇ ಮಲಗಿಬಿಡುತ್ತದೆ

ರಾತ್ರಿ ಕಡಿಮೆ ವಾಲ್ಯೂಮ್‌ನಲ್ಲಿ ನೋಡುವಾಗ ಸಬ್ ಆಫ್, ಜೋರು ಮಾಡಿದ ಕೂಡಲೇ ಆನ್. ಇದು ಆಟೋ ಸ್ಟ್ಯಾಂಡ್‌ಬೈ ಕೆಲಸ. ಸುಲಭದ ದಾರಿ, ಹಿಂದಿನ ಸ್ವಿಚ್ಚನ್ನು ಆಟೋದಿಂದ ಆನ್‌ಗೆ ತಿರುಗಿಸುವುದು. ಆದರೆ ನಿಜವಾದ ಕಾರಣ ಹೆಚ್ಚಾಗಿ ಬೇರೆ. ರಿಸೀವರ್‌ನ ಮೆನುವಿನಲ್ಲಿ ಸಬ್‌ನ ಲೆವೆಲ್ ನೋಡಿ. ಅಲ್ಲಿ -10 ಅಥವಾ -12 ಡೆಸಿಬೆಲ್ ಇದೆಯಾ? ಅಂದರೆ ಸಬ್‌ನ ಗೇನ್ ಅತಿಯಾಗಿದೆ, ಅದಕ್ಕೆ ರಿಸೀವರ್ ಸಿಗ್ನಲ್ಲನ್ನು ಹಿಂಡಿ ಹಿಂಡಿ ಕಳಿಸುತ್ತಿದೆ, ಅಷ್ಟು ಸಣ್ಣ ಸಿಗ್ನಲ್ ಸಬ್‌ನ ಗಮನಕ್ಕೇ ಬರುತ್ತಿಲ್ಲ. ಸಬ್‌ನಲ್ಲಿ ಗೇನ್ ಇಳಿಸಿ ಮತ್ತೆ ಕ್ಯಾಲಿಬ್ರೇಶನ್ ಮಾಡಿ. ಆ ಸಂಖ್ಯೆ ಸೊನ್ನೆಯ ಆಸುಪಾಸಿಗೆ ಅಥವಾ ಕೆಲವು ಡೆಸಿಬೆಲ್ ಮೈನಸ್‌ಗೆ ಬಂದರೆ ಸಾಕು.

ಜೋರಾಗಿ ನುಡಿಯುವಾಗಲೇ ಆಫ್ ಆಗುತ್ತಿದ್ದರೆ ಅದು ನಿದ್ದೆಯಲ್ಲ. ಆಂಪ್ಲಿಫೈಯರ್ ಕೂತಿರುವ ಹಿಂದಿನ ಲೋಹದ ತಟ್ಟೆ ಕೈ ಇಡಲಾಗದಷ್ಟು ಬಿಸಿಯಾಗಿದೆಯಾ ನೋಡಿ. ಗೋಡೆಗೆ ಅಂಟಿಸಿ ಇಟ್ಟಿದ್ದರೆ ಒಂದು ಗೇಣು ಮುಂದೆ ಎಳೆಯಿರಿ.

ಗುಂಯ್ ಅನ್ನುವ ಸದ್ದು ನಿಲ್ಲುವುದೇ ಇಲ್ಲ

ಸಬ್ ಆನ್ ಇರುವಾಗಲೇ ಕೇಬಲ್ ಕಿತ್ತರೆ ಧಡ್ ಅನ್ನುತ್ತದೆ, ಆದ್ದರಿಂದ ಪ್ರತಿ ಸಲವೂ ಆಫ್ ಮಾಡಿ ಕಿತ್ತು ಮತ್ತೆ ಆನ್ ಮಾಡಿ.

ಸಬ್‌ನ ಕಡೆಯಿಂದ ಆರ್‌ಸಿಎ ತೆಗೆಯಿರಿ, ಪವರ್ ಮಾತ್ರ ಇರಲಿ. ಈಗಲೂ ಗುಂಯ್‌ಗುಟ್ಟಿದರೆ ಬೇರೆ ಸಾಕೆಟ್‌ನಲ್ಲಿ ಹಾಕಿ ನೋಡಿ. ಅಲ್ಲೂ ಹಾಗೇ ಇದ್ದರೆ ಸಬ್‌ನೊಳಗಿನ ಪವರ್ ಸಪ್ಲೈ ಕಡೆಯ ತೊಂದರೆ, ಹಳೆಯ ಸಬ್‌ಗಳಲ್ಲಿ ಫಿಲ್ಟರ್ ಕೆಪಾಸಿಟರ್ ಒಣಗಿಯೋ ಉಬ್ಬಿಯೋ ಇರುತ್ತದೆ. ಅದು ರಿಪೇರಿಯವರ ಕೆಲಸ.

ಆರ್‌ಸಿಎ ತೆಗೆದಾಗ ಸದ್ದು ನಿಂತಿತು ಅಂದರೆ ಸಬ್ ನಿರಪರಾಧಿ. ಕೇಬಲ್ಲನ್ನು ಸಬ್‌ನಲ್ಲಿ ಹಾಕಿ ಇನ್ನೊಂದು ತುದಿಯನ್ನು ಸುಮ್ನೆ ನೇತುಬಿಟ್ಟು ಪರೀಕ್ಷೆ ಮಾಡಬೇಡಿ, ನೇತಾಡುವ ಕೇಬಲ್ ಆಂಟೆನಾ ಹಾಗೆ ತಾನೇ ಗುಂಯ್ ಹಿಡಿಯುತ್ತದೆ, ದಾರಿ ತಪ್ಪಿಸುತ್ತದೆ. ಎರಡೂ ಕಡೆ ಹಾಕಿಯೇ ಇಟ್ಟು, ರಿಸೀವರ್‌ಗೆ ಬೇರೆ ಕಡೆಯಿಂದ ಬರುವ ವೈರ್‌ಗಳನ್ನು ಒಂದೊಂದಾಗಿ ಕೀಳಿ. ಮೊದಲ ಆರೋಪಿ ಕೇಬಲ್ ಟಿವಿ ಅಥವಾ ಡಿಶ್‌ನ ಕೋಆಕ್ಸ್ ವೈರ್. ಅದು ಹೊರಗಿನಿಂದ ಬೇರೆ ಅರ್ಥ್ ಹೊತ್ತು ತರುತ್ತದೆ, ಎರಡು ಅರ್ಥ್ ಸೇರಿದಾಗ ಗುಂಯ್ ಹುಟ್ಟುತ್ತದೆ. ಸೆಟ್‌ಟಾಪ್ ಬಾಕ್ಸ್‌ನಿಂದ ಅದನ್ನು ಬಿಚ್ಚಿದಾಗ ಸದ್ದು ಮಾಯವಾದರೆ ಉತ್ತರ ಸಿಕ್ಕಿತು: ಆ ಕೋಆಕ್ಸ್ ಲೈನ್‌ಗೆ ಸಿಗ್ನಲ್ ಬಿಟ್ಟು ಅರ್ಥ್ ಸಂಪರ್ಕ ಕಡಿಯುವ ಒಂದು ಗ್ಯಾಲ್ವಾನಿಕ್ ಐಸೊಲೇಟರ್ ಬೇಕು. ಡಿಶ್ ಆದರೆ ಆ ವೈರ್‌ನಲ್ಲೇ ಡಿಸಿ ವೋಲ್ಟೇಜ್ ಮೇಲಕ್ಕೆ ಹೋಗಬೇಕಾಗುತ್ತದೆ, ಮಾಮೂಲಿ ಐಸೊಲೇಟರ್ ಅದನ್ನು ತಡೆದುಬಿಡುತ್ತದೆ, ಹಾಗಾಗಿ ಡಿಶ್‌ಗೆ ಹೊಂದುವುದಾ ಅಂತ ಕೇಳಿ ತನ್ನಿ.

ಕೋಆಕ್ಸ್ ಅಲ್ಲದಿದ್ದರೆ ಸಬ್ ಮತ್ತು ರಿಸೀವರ್ ಎರಡನ್ನೂ ಒಂದೇ ಸಾಕೆಟ್ ಪಟ್ಟಿಗೆ ಹಾಕಿ ನೋಡಿ. ಖರ್ಚಿಲ್ಲದ ಮದ್ದು, ಬಹಳ ಸಲ ಇಷ್ಟಕ್ಕೇ ಹೋಗುತ್ತದೆ. ಆರ್‌ಸಿಎ ಕೇಬಲ್ ಪವರ್ ವೈರ್ ಜೊತೆ ಕಟ್ಟು ಹಾಕಿಸಿಕೊಂಡು ಓಡುತ್ತಿದ್ದರೆ ಬೇರೆ ಮಾಡಿ, ದಾಟಲೇಬೇಕಾದಲ್ಲಿ ಅಡ್ಡಕ್ಕೆ ದಾಟಿಸಿ. ಗುಂಯ್ ಜೋರಾಗಿದ್ದು ಬಾಸ್ ಪೂರ್ತಿ ಇಲ್ಲವೇ ಇಲ್ಲ ಅಂದರೆ ಕೇಬಲ್‌ನ ಹೊರಗಿನ ಉಂಗುರದ ಬೆಸುಗೆ ಬಿಟ್ಟಿರಬಹುದು, ಕೇಬಲ್ ಬದಲಿಸಿ. ಯಾವುದಕ್ಕೂ ಜಗ್ಗದಿದ್ದರೆ ಕೊನೆಗೆ ಆರ್‌ಸಿಎ ಲೈನ್‌ಗೆ ಆಡಿಯೋ ಐಸೊಲೇಶನ್ ಟ್ರಾನ್ಸ್‌ಫಾರ್ಮರ್. ಅಗ್ಗದ್ದು ಹಾಕಿದರೆ ತೀರಾ ಕೆಳಗಿನ ಬಾಸನ್ನೇ ತಿನ್ನುತ್ತದೆ, ಅದಕ್ಕೇ ಇದನ್ನು ಕೊನೆಗಿಟ್ಟದ್ದು.

ಒಂದು ಮಾತು. ಅರ್ಥ್ ಪಿನ್ ಮುರಿದರೆ ಗುಂಯ್ ಹೋಗುತ್ತದೆ ಅಂತ ಸಲಹೆ ಕೊಡುವವರು ಎಲ್ಲೆಲ್ಲೂ ಇದ್ದಾರೆ. ಹೋಗುವುದೂ ನಿಜ. ಆದರೆ ಒಳಗೆ ವೈರ್ ಏನಾದರೂ ಲೋಹದ ತಟ್ಟೆಗೆ ತಾಗಿದ ದಿನ ನಿಮ್ಮನ್ನು ಉಳಿಸಬೇಕಿದ್ದದ್ದು ಆ ಪಿನ್ನೇ. ಅದನ್ನು ಮುಟ್ಟಬೇಡಿ. ರಿಸೀವರ್ ಅಥವಾ ಸಬ್‌ನ ಲೋಹ ಮುಟ್ಟಿದಾಗ ಜುಮ್ ಅಂದರೆ ಸಾಕೆಟ್‌ನಲ್ಲಿ ಅರ್ಥ್ ಸರಿ ಇಲ್ಲದಿರಬಹುದು, ಆಡಿಯೋ ಬದಿಗಿಟ್ಟು ಮೊದಲು ಎಲೆಕ್ಟ್ರಿಷಿಯನ್‌ನ ಕರೆಯಿರಿ.

ಬಾಸ್ ಇದೆ, ಆದರೆ ತೆಳು. ಎರಡನೇ ಸಬ್ ಹಾಕಿದ ಮೇಲೆ ಇನ್ನೂ ಕಡಿಮೆ

ಸಬ್‌ನ ಬೆನ್ನಿನಲ್ಲಿ ಫೇಸ್ (phase) ಅನ್ನುವ ಸ್ವಿಚ್ ಇರುತ್ತದೆ, 0 ಮತ್ತು 180. ನೀವು ಕೂರುವ ಜಾಗದಲ್ಲಿ ಕೂತು ಬೇರೆಯವರಿಂದ ಅದನ್ನು ಅತ್ತಿತ್ತ ಮಾಡಿಸಿ. ಬಾಸ್ ಯಾವ ಕಡೆ ತುಂಬಿ ಬರುತ್ತದೋ ಅದೇ ಸರಿ. ಎರಡು ಸಬ್ ಅಕ್ಕಪಕ್ಕ ಇದ್ದು ಬಾಸ್ ಕುಸಿದಿದ್ದರೆ ಒಂದರ ಫೇಸ್ ಅಥವಾ ಪ್ಲಸ್ ಮೈನಸ್ ತಿರುಗಿದೆ ಅಂತಲೇ ಲೆಕ್ಕ. ಒಂದು ಹೊರಗೆ ತಳ್ಳುವಾಗ ಇನ್ನೊಂದು ಒಳಗೆ ಎಳೆಯುತ್ತಿದೆ.

ಸಬ್‌ನ ಸ್ವಂತ ಕ್ರಾಸ್‌ಓವರ್ ತಿರುಗಣೆಯನ್ನೂ ನೋಡಿ. ರಿಸೀವರ್ ಆಗಲೇ 80ರಲ್ಲಿ ಕತ್ತರಿಸುತ್ತಿರುವಾಗ ಸಬ್ ಕೂಡ 60ರಲ್ಲಿ ಕತ್ತರಿಸಿದರೆ ನಡುವೆ ಹಳ್ಳ ಬೀಳುತ್ತದೆ. ಸಬ್‌ನದ್ದನ್ನು ಪೂರ್ತಿ ಮೇಲಕ್ಕಿಡಿ, ಬೈಪಾಸ್ ಇದ್ದರೆ ಇನ್ನೂ ಒಳ್ಳೆಯದು.

ಇಷ್ಟಾದರೂ ತೆಳು ಅಂದರೆ ಕೋಣೆಯೇ ಕಾರಣ. ಕೋಣೆ 5 ಮೀಟರ್ ಉದ್ದ ಇದ್ದರೆ ಸುಮಾರು 34 ಹರ್ಟ್ಜ್‌ನಲ್ಲಿ ನಿಂತ ಅಲೆ ಹುಟ್ಟುತ್ತದೆ, ಉದ್ದದ ನಟ್ಟನಡುವೆ ಕೂತವರಿಗೆ ಆ ಸ್ವರ ಕೇಳುವುದೇ ಕಡಿಮೆ. ಕಿವಿ ಹಿಂದಿನ ಗೋಡೆಯಿಂದ 1 ಮೀಟರ್ ದೂರದಲ್ಲಿದ್ದರೆ 86 ಹರ್ಟ್ಜ್ ಹತ್ತಿರ ಇಂಥದ್ದೇ ಕೊರತೆ. ಗೇನ್ ಏರಿಸಿ ಇದನ್ನು ತುಂಬಲು ಆಗಲ್ಲ. ಸಬ್ಬನ್ನು ನೀವು ಕೂರುವ ಜಾಗದಲ್ಲಿಟ್ಟು ಬಾಸ್ ಹಾಡು ಹಾಕಿ, ಗೋಡೆಯ ಉದ್ದಕ್ಕೂ ಬಗ್ಗಿ ನಡೆಯುತ್ತಾ ಕೇಳಿ. ಎಲ್ಲಿ ಬಾಸ್ ಸಮವಾಗಿ ಗಟ್ಟಿಯಾಗಿ ಕೇಳುತ್ತದೋ ಅಲ್ಲಿ ಸಬ್ ಇಡಿ. ನೋಡುವವರು ನಗುತ್ತಾರೆ, ನಗಲಿ.

ಅಂದಹಾಗೆ, ಕ್ಯಾಲಿಬ್ರೇಶನ್ ಮಾಡಿದಾಗ ಸಬ್‌ನ ದೂರ ಟೇಪ್ ಹಿಡಿದದ್ದಕ್ಕಿಂತ ಜಾಸ್ತಿ ತೋರಿಸುತ್ತದೆ. ಸಬ್‌ನೊಳಗಿನ ಫಿಲ್ಟರ್‌ಗಳು ಸದ್ದನ್ನು ತಡ ಮಾಡುತ್ತವೆ, ಅದನ್ನು ರಿಸೀವರ್ ದೂರ ಅಂತ ಲೆಕ್ಕ ಹಾಕಿದೆ. ತಿದ್ದಲು ಹೋಗಬೇಡಿ.

ಆಂಪ್ಲಿಫೈಯರ್ ಪ್ರೊಟೆಕ್ಟ್‌ಗೆ ಹೋಗುತ್ತದೆ

ಪ್ರೊಟೆಕ್ಟ್ ಅಂದರೆ ಅಪಾಯ ಕಂಡು ಆಂಪ್ಲಿಫೈಯರ್ ತಾನೇ ಸದ್ದು ನಿಲ್ಲಿಸಿಕೊಳ್ಳುವುದು. ಆಫ್ ಮಾಡಿ, ಪ್ಲಗ್ ಕೀಳಿ, ಎಲ್ಲಾ ಸ್ಪೀಕರ್ ವೈರ್ ಬಿಚ್ಚಿ. ಬರೀ ಆಂಪ್ಲಿಫೈಯರ್ ಆನ್ ಮಾಡಿ. ಆಗಲೂ ಪ್ರೊಟೆಕ್ಟ್ ಅಂದರೆ ಒಳಗೇ ಕೆಟ್ಟಿದೆ, ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ. ಆನ್ ಆಗಿ ನಿಂತರೆ ತೊಂದರೆ ಹೊರಗಿದೆ. ಆಫ್ ಮಾಡಿ ಒಂದು ವೈರ್ ಹಾಕಿ, ಆನ್ ಮಾಡಿ, ಹೀಗೇ ಒಂದೊಂದಾಗಿ. ಹೆಚ್ಚಾಗಿ ಸಿಗುವುದು ಕೆಂಪು ಟರ್ಮಿನಲ್‌ನಿಂದ ಎದ್ದು ಕಪ್ಪು ಟರ್ಮಿನಲ್‌ಗೆ ತಾಗಿದ ಕೂದಲಂಥ ಒಂದು ಎಳೆ.

ಎಳೆ ಇಲ್ಲ, ಜೋರು ಮಾಡಿದಾಗ ಮಾತ್ರ ಪ್ರೊಟೆಕ್ಟ್ ಅಂದರೆ ಓಮ್ ಲೆಕ್ಕ ಹಾಕಿ. 4 ಓಮ್‌ನ ಎರಡು ಸಬ್ ಪ್ಯಾರಲಲ್ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಆದರೆ 2 ಓಮ್. 4+4 ಡ್ಯುಯಲ್ ಕಾಯಿಲ್ ಸಬ್ (ಒಳಗೆ 4 ಓಮ್‌ನ ಎರಡು ಕಾಯಿಲ್) ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದು ಜೋಡಿಸಿದರೆ, 8, ಪ್ಯಾರಲಲ್‌ನಲ್ಲಿ 2. ಮನೆಯ ರಿಸೀವರ್‌ಗಳು ಸಾಮಾನ್ಯವಾಗಿ 6 ಅಥವಾ 8 ಓಮ್‌ಗೆ ಮಾಡಿದವು, 2 ಓಮ್ ಕೊಟ್ಟರೆ ಅವು ಬಾಗಿಲು ಹಾಕಿಕೊಳ್ಳದೆ ಇನ್ನೇನು ಮಾಡಬೇಕು? ಬ್ರಿಡ್ಜ್ ಮಾಡಿದ (ಎರಡು ಚಾನೆಲ್ ಸೇರಿ ಒಂದೇ ಸ್ಪೀಕರ್ ನುಡಿಸುವ) ಆಂಪ್ಲಿಫೈಯರ್‌ನಲ್ಲಿ ಲೆಕ್ಕ ಇನ್ನೂ ಬಿಗಿ: 4 ಓಮ್ ಸಬ್ ಹಾಕಿದರೂ ಒಳಗಿನ ಒಂದೊಂದು ಚಾನೆಲ್‌ಗೆ ಅದು 2 ಓಮ್ ಆಗಿಯೇ ಕಾಣುತ್ತದೆ.

ಪವರ್ ಜಾಸ್ತಿ ಬರಲಿ ಅಂತ ಎಡ ಬಲ ಎರಡೂ ಚಾನೆಲ್‌ನ ಪ್ಲಸ್‌ಗಳನ್ನು ಒಟ್ಟಿಗೆ ತಿರುಚಿ ಸಬ್‌ಗೆ ಕೊಡುವವರಿದ್ದಾರೆ. ಆಗ ಒಂದು ಚಾನೆಲ್ ಇನ್ನೊಂದನ್ನು ನೂಕುತ್ತದೆ, ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗುತ್ತದೆ. ಬ್ರಿಡ್ಜ್ ಮಾಡಬಹುದು ಅಂತ ಆಂಪ್ಲಿಫೈಯರ್‌ನ ಮೇಲೇ ಬರೆದಿದ್ದರೆ ಮಾತ್ರ, ಅಲ್ಲಿ ತೋರಿಸಿದ ಟರ್ಮಿನಲ್‌ಗಳಿಂದ ಮಾತ್ರ. ಬ್ರಿಡ್ಜ್ ಔಟ್‌ಪುಟ್‌ನಲ್ಲಿ ಎರಡೂ ತುದಿ ಜೀವಂತ, ಅದರ ಮೈನಸ್ಸನ್ನು ಯಾವ ಗ್ರೌಂಡ್‌ಗೂ ಸೇರಿಸಬಾರದು. ಆಕ್ಟಿವ್ ಸಬ್‌ನ ಹೈ ಲೆವೆಲ್ ಇನ್‌ಪುಟ್‌ಗೆ ಇಂಥ ಔಟ್‌ಪುಟ್ ಕೊಡುವ ಮುನ್ನ ಸಬ್‌ನ ಕೈಪಿಡಿ ಓದಲೇಬೇಕು, ಅದರ ಮೈನಸ್ ಗ್ರೌಂಡ್‌ಗೆ ಸೇರಿದ್ದರೆ ಶಾರ್ಟ್ ಆಗುತ್ತದೆ.

ಕರಕರ, ಪಟಪಟ, ಫುಸ್ ಫುಸ್

ಪಟಪಟ ಅಂದರೆ ಮೊದಲು ಕೋಣೆಯಲ್ಲಿ ಅದುರುವ ವಸ್ತು ಹುಡುಕಿ, ಕಿಟಕಿ, ಫೋಟೋ ಫ್ರೇಮ್, ಸಬ್ ಮೇಲಿಟ್ಟ ರಿಮೋಟ್. ಆಮೇಲೆ ಸಬ್‌ನ ಸ್ಕ್ರೂ ಬಿಗಿ ಮಾಡಿ. ಫುಸ್ ಅನ್ನುವುದು ಪೋರ್ಟ್‌ನ (ಡಬ್ಬದಲ್ಲಿರುವ ಗಾಳಿಯ ತೂತು) ಗಾಳಿ, ವಾಲ್ಯೂಮ್ ಅತಿಯಾಯಿತು ಅಂತ ಅರ್ಥ. ಕರಕರ ಮಾತ್ರ ಚಿಂತೆಯ ವಿಷಯ. ಆಫ್ ಮಾಡಿ, ಕೋನ್‌ನ ಎರಡೂ ಬದಿಗೆ ಸಮವಾಗಿ ಬೆರಳಿಟ್ಟು ಮೆಲ್ಲಗೆ ಒತ್ತಿ. ಒಳಗೆ ಉಜ್ಜಿದ ಸದ್ದು ಬಂದರೆ ಕಾಯಿಲ್ ಓರೆಯಾಗಿದೆ ಅಥವಾ ಸುಟ್ಟು ಉಬ್ಬಿದೆ. ಅದನ್ನು ನುಡಿಸುತ್ತಾ ಹೋದರೆ ಶಾರ್ಟ್ ಆಗಿ ಆಂಪ್ಲಿಫೈಯರ್ರನ್ನೂ ಕರೆದೊಯ್ಯುತ್ತದೆ.

ಇಲ್ಲಿಗೆ ಬಂದರೆ ಕೈ ತೆಗೆಯಿರಿ

ಸುಟ್ಟ ವಾಸನೆ, ಹೊಗೆ, ಎರಡನೇ ಸಲ ಹೋದ ಫ್ಯೂಸ್, ಸಿಗ್ನಲ್ ಇಲ್ಲದೆಯೇ ಕೋನ್ ಒಂದೇ ಕಡೆಗೆ ತಳ್ಳಿಕೊಂಡು ನಿಂತಿರುವುದು. ಕೊನೆಯದು ಔಟ್‌ಪುಟ್‌ನಲ್ಲಿ ಡಿಸಿ ಬರುತ್ತಿರುವ ಲಕ್ಷಣ, ಕಾಯಿಲ್ ಸುಡಲು ಬಹಳ ಹೊತ್ತು ಬೇಡ, ತಕ್ಷಣ ಪ್ಲಗ್ ಕೀಳಿ.

ಹಿಂದಿನ ತಟ್ಟೆ ಬಿಚ್ಚಿ ನೋಡೋಣ ಅನ್ನಿಸಿದರೆ ಇದು ಗೊತ್ತಿರಲಿ. 230 ವೋಲ್ಟ್ ಮೇನ್ಸ್ ಇರುವ ಕಡೆ ಸ್ವಿಚಿಂಗ್ ಪವರ್ ಸಪ್ಲೈನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ಡಿಸಿ ತುಂಬಿರುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ಅದನ್ನು ಸುರಕ್ಷಿತವಾಗಿ ಇಳಿಸಲು ಬರದವರು ತಟ್ಟೆ ಬಿಚ್ಚಬಾರದು.

ರಿಪೇರಿಗೆ ಕೊಡುವಾಗ ಬಾಸ್ ಬರಲ್ಲ ಅಂತಷ್ಟೇ ಹೇಳಿ ಬರಬೇಡಿ. ಫೋನ್‌ನಿಂದ ನೇರ ಕೊಟ್ಟಾಗ ನುಡಿಯಿತಾ, ಆರ್‌ಸಿಎ ಕಿತ್ತಾಗ ಗುಂಯ್ ನಿಂತಿತಾ, ಮೀಟರ್‌ನಲ್ಲಿ ಎಷ್ಟು ಓಮ್ ಬಂತು, ಇವನ್ನು ಒಂದು ಚೀಟಿಯಲ್ಲಿ ಬರೆದು ಸಬ್‌ಗೆ ಅಂಟಿಸಿ. ಆಕ್ಟಿವ್ ಸಬ್ ಆದರೆ ಡಬ್ಬ ಸಮೇತ ಕೊಡಿ, ಬರೀ ತಟ್ಟೆ ಕೊಟ್ಟರೆ ಅವರಿಗೆ ಸ್ಪೀಕರ್ ಪರೀಕ್ಷಿಸಲು ಆಗುವುದಿಲ್ಲ.